ಚಿಕ್ಕಮ್ಮನ ಮಗಳ ಮಗು, ಇಂಗ್ಲೆಂಡಿನ ಕೋರ್ಟು

ನೀವು ಇಂಗ್ಲೆಂಡಿನ ಕವೆಂಟ್ರಿಗೆ ಬಂದು ಎಂಟು ತಿಂಗಳು. ನಿಮ್ಮ ಹೆಂಡತಿಯ ಚಿಕ್ಕಮ್ಮನ ಮಗಳ ನಾಲ್ಕು ವರ್ಷದ ಗಂಡುಮಗುವನ್ನು ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಸೋಶಿಯಲ್ ವರ್ಕರ್ ಒಂದು ರಾತ್ರಿ ನಿಮ್ಮ ಮನೆಗೆ ಬಿಟ್ಟುಹೋಗಿದ್ದಾರೆ. ಈಗ ‘ಸ್ಪೆಷಲ್ ಗಾರ್ಡಿಯನ್‌ಶಿಪ್’ ಆರ್ಡರ್‌ಗೆ ಅರ್ಜಿ ಹಾಕಿ ಅಂತಿದ್ದಾರೆ. ಅಂದರೆ, ದತ್ತಿಲ್ಲದೆಯೇ ಮಗುವನ್ನು ಸಾಕುವ ಹೊಣೆಯನ್ನು ಕೋರ್ಟು ನಿಮಗೆ ಒಪ್ಪಿಸುವ ಆದೇಶ. ದತ್ತು ತಗೊಂಡರೆ ವಾಸಿಯಲ್ಲವೇ, ಬೇಸಿಗೆಗೆ ಶಿವಮೊಗ್ಗಕ್ಕೆ ಕರೆದೊಯ್ಯಬಹುದೇ ಅಂತ ಕೇಳಿದ್ದೀರಿ.

ಮೊದಲು ನೆಂಟಸ್ತಿಕೆ. ನಮ್ಮಲ್ಲಿ ಆಕೆ ತಂಗಿಯೇ, ಹುಡುಗನಿಗೆ ನೀವು ದೊಡ್ಡಪ್ಪನೇ. ಆದರೆ ಇಲ್ಲಿನ ಚಿಲ್ಡ್ರನ್ ಆಕ್ಟ್ 1989ರಲ್ಲಿ ‘ರಿಲೇಟಿವ್’ ಅಂದರೆ ಅಜ್ಜ-ಅಜ್ಜಿ, ಒಡಹುಟ್ಟಿದವರು, ಹೆತ್ತವರ ಒಡಹುಟ್ಟಿದವರು ಮತ್ತು ಅವರ ಗಂಡ-ಹೆಂಡತಿ, ಮಲತಂದೆ-ಮಲತಾಯಿ ಅಷ್ಟೇ. ಕಸಿನ್ ಲೆಕ್ಕಕ್ಕಿಲ್ಲ. ಬಂದ ಹೊಸದರಲ್ಲಿ ನಾನೂ ಸಿಕ್ಕ ಫಾರ್ಮಲ್ಲೆಲ್ಲ ‘ಅಂಕಲ್’ ಅಂತಲೇ ಬರೀತಿದ್ದೆ. ನೀವು ‘ತಾಯಿಯ ಕಸಿನ್, ಆಕೆಯ ಗಂಡ’ ಅಂತ ಬರೆಯಿರಿ. ಅರ್ಜಿ ಹಾಕಲು ರಿಲೇಟಿವ್ ಆದವರಿಗೆ ಮಗು ಒಂದು ವರ್ಷ ಜೊತೆಗಿದ್ದರೆ ಸಾಕು. ನಿಮಗೆ ಮೂರು ವರ್ಷವಾಗಿರಬೇಕು (ಕೌನ್ಸಿಲ್ ನಿಮ್ಮನ್ನು ತನ್ನ ಫಾಸ್ಟರ್ ಪಾಲಕರೆಂದು ಒಪ್ಪಿದ್ದರೆ ಒಂದೇ ವರ್ಷ), ಇಲ್ಲವೇ ಕಾನೂನಿನ ಪ್ರಕಾರ ಮಗುವಿನ ಹೊಣೆ ಹೊತ್ತವರ ಒಪ್ಪಿಗೆ ಬೇಕು. ಎರಡೂ ಇಲ್ಲದಿದ್ದರೆ ಅರ್ಜಿ ಹಾಕಲಿಕ್ಕೇ ಕೋರ್ಟಿನ ಅನುಮತಿ ಕೇಳಬೇಕು.

ನಮ್ಮವರು ಎಡವೋದು ಮಾತ್ರ ಇನ್ನೊಂದು ಕಡೆ. ‘ಮಗು ನಮ್ಮದೇ, ದುಡ್ಡುಗಿಡ್ಡು ಏನೂ ಬೇಡ’ ಅಂದುಬಿಡ್ತೀವಿ. ಊರಲ್ಲಿ ಅದು ಮರ್ಯಾದೆಯ ಮಾತು. ಇಲ್ಲಿನ ಫೈಲಿನಲ್ಲಿ ಅದು ‘ಮನೆಯವರೇ ಮಾಡಿಕೊಂಡ ಖಾಸಗಿ ಏರ್ಪಾಡು’ ಅಂತ ಕೂರುತ್ತೆ. ಆಗ ಕೌನ್ಸಿಲ್‌ನ ಹೊಣೆ ಜಾರಿತು. ಮುಂದೆ ಆರ್ಡರ್ ಆದಾಗ ನೆರವಿನ ಅಂದಾಜು ಮಾಡಲೇಬೇಕೆಂಬ ಕಡ್ಡಾಯವೂ ಹೋಯಿತು. ಕಸಿನ್ ಆದ ನಿಮಗೆ ಇನ್ನೊಂದು ಪೇಚು: 28 ದಿನ ಅಥವಾ ಅದಕ್ಕೂ ಹೆಚ್ಚಿನ ಖಾಸಗಿ ಏರ್ಪಾಡು ‘ಪ್ರೈವೇಟ್ ಫಾಸ್ಟರಿಂಗ್’ (ಬೇರೆಯವರ ಮಗುವನ್ನು ಖಾಸಗಿಯಾಗಿ ಸಾಕುವುದು), ಅದನ್ನು ಕೌನ್ಸಿಲ್‌ಗೆ ತಿಳಿಸಲೇಬೇಕು. 2007ರಲ್ಲಿ ಲಂಡನ್ನಿನ ಸದರ್ಕ್ ಕೌನ್ಸಿಲ್ ಮೇಲಿನ ಕೇಸಿನಲ್ಲಿ ಕೋರ್ಟ್ ಆಫ್ ಅಪೀಲ್ ಸ್ಪಷ್ಟವಾಗಿ ಹೇಳಿದೆ: ಮಗುವನ್ನು ಇರಿಸುವುದರಲ್ಲಿ ಕೌನ್ಸಿಲ್‌ನದೇ ದೊಡ್ಡ ಪಾತ್ರವಿದ್ದರೆ, ಆಮೇಲೆ ಅದನ್ನು ಖಾಸಗಿ ಅಂತ ಕರೆದು ಕೈತೊಳೆದುಕೊಳ್ಳುವ ಹಾಗಿಲ್ಲ. ರಾತ್ರಿ ಕಾರಿನಲ್ಲಿ ಕರೆತಂದವರು ಅವರೇ ತಾನೇ? ಇವತ್ತೇ ಈಮೇಲ್ ಹಾಕಿ: ‘ಮಗು ಸೆಕ್ಷನ್ 20ರಡಿ ಇದೆಯೇ? ರೆಗ್ಯುಲೇಶನ್ 24ರ 16 ವಾರದ ತಾತ್ಕಾಲಿಕ ಒಪ್ಪಿಗೆ ಯಾವ ದಿನದಿಂದ?’ ಸೆಕ್ಷನ್ 20 ಅಂದರೆ ಮಗು ಕೌನ್ಸಿಲ್‌ನ ಹೊಣೆಯಲ್ಲಿದೆ ಅಂತ; ರೆಗ್ಯುಲೇಶನ್ 24 ಅಂದರೆ ನಿಮ್ಮಂಥ ಪರಿಚಿತರನ್ನು ತಾತ್ಕಾಲಿಕವಾಗಿ ಫಾಸ್ಟರ್ ಪಾಲಕರೆಂದು ಒಪ್ಪುವ ನಿಯಮ. ಫೋನಲ್ಲಿ ಹೇಳಿದರೆ ಒಪ್ಪಬೇಡಿ, ಉತ್ತರ ಬರಹದಲ್ಲೇ ಬರಲಿ. ಆರ್ಡರ್ ಆದ ದಿನ ಫಾಸ್ಟರಿಂಗ್ ಭತ್ಯೆ ನಿಂತುಹೋಗುತ್ತೆ. ಅದಾದ ಮೇಲೆ ಕೌನ್ಸಿಲ್‌ನಿಂದ ಬರೋದೆಲ್ಲ ಅವರ ನೆರವಿನ ಯೋಜನೆ, ಅಂದರೆ ಸಪೋರ್ಟ್ ಪ್ಲಾನ್‌ನಲ್ಲಿ ಬರೆದಿದ್ದರಷ್ಟೇ, ಅದೂ ನಿಮ್ಮ ಆದಾಯ ನೋಡಿ.

ದತ್ತು ಬೇಕಿಲ್ಲ. ಸ್ಪೆಷಲ್ ಗಾರ್ಡಿಯನ್‌ಶಿಪ್‌ನಲ್ಲಿ ಹೆತ್ತವರು ಹೆತ್ತವರಾಗೇ ಉಳಿಯುತ್ತಾರೆ, ಆದರೆ ದಿನದಿನದ ತೀರ್ಮಾನದಲ್ಲಿ ಹುಡುಗನಿಗೆ 18 ಆಗುವ ತನಕ ನಿಮ್ಮ ಮಾತೇ ಕೊನೆ. ದತ್ತಾದರೆ ಕಾನೂನಿನ ಕಣ್ಣಲ್ಲಿ ದೊಡ್ಡಮ್ಮ ತಾಯಿಯಾಗಿ, ಹೆತ್ತವಳು ಆ ತಾಯಿಯ ಕಸಿನ್ ಸಾಲಿಗೆ ಸರಿದು, ಸಂಬಂಧವೆಲ್ಲ ಕಲಸಿಹೋಗುತ್ತೆ. 2007ರ ‘ರೀ ಎಸ್’ ತೀರ್ಪು ಈ ತೊಡಕನ್ನು ತೂಗಿದೆ. ಹಾಗಂತ ನೆಂಟರ ಮನೆ ಅಂದರೆ ಗಾರ್ಡಿಯನ್‌ಶಿಪ್ಪೇ ಆಗಬೇಕು ಅಂತೇನೂ ಹೇಳಿಲ್ಲ. ರಕ್ತಸಂಬಂಧ ಅಂದಮಾತ್ರಕ್ಕೆ ಮಗು ನಮಗೇ ಅನ್ನೋ ಧೈರ್ಯವೂ ಬೇಡ. 2016ರ ‘ರೀ ಡಬ್ಲ್ಯೂ’ನಲ್ಲಿ ನೆಂಟರಿಗೆ ಅಂಥ ಹಕ್ಕಿಲ್ಲ, ಮಗುವಿನ ಹಿತವೇ ಮೊದಲು ಅಂದಿದ್ದಾರೆ.

ಅರ್ಜಿಗೆ ಮೂರು ತಿಂಗಳು ಮುಂಚೆ ಕೌನ್ಸಿಲ್‌ಗೆ ಲಿಖಿತ ನೋಟಿಸ್ ಕೊಡಬೇಕು. ಅವರ ವರದಿ ಇಲ್ಲದೆ ಜಡ್ಜ್ ಆರ್ಡರ್ ಮಾಡುವಂತಿಲ್ಲ. ಕೌನ್ಸಿಲ್ ಆಗಲೇ ಕೇರ್ ಕೇಸ್ (ಮಗುವನ್ನು ತನ್ನ ಹೊಣೆಗೆ ಒಪ್ಪಿಸಿ ಅಂತ ಕೇಳುವ ಕೇಸ್) ಹಾಕಿದ್ದರೆ ಅದರ ಗಡುವು 26 ವಾರ, ಹಾಗಾಗಿ ಸಾಕಲು ಸಿದ್ಧರೆಂದು ನಿಮ್ಮ ಹೆಸರು ಈಗಲೇ ಕೊಡಿ. ಕೇಸಿನಲ್ಲಿ ಪಾರ್ಟಿ (ಕಕ್ಷಿದಾರ) ಆಗಲೂ ಕೇಳಿ. 2018ರ ‘ರೀ ಪಿ-ಎಸ್’ನಲ್ಲಿ ಅಜ್ಜ-ಅಜ್ಜಿಯರನ್ನು ಪಾರ್ಟಿ ಮಾಡದೆ ಹೊರಗಿಟ್ಟದ್ದು ಅನ್ಯಾಯವಾಯಿತೆಂದು ಮೇಲಿನ ಕೋರ್ಟು ಹೇಳಿತು.

ಶಿವಮೊಗ್ಗಕ್ಕೆ ಸದ್ಯಕ್ಕೆ ಟಿಕೆಟ್ ಬೇಡ. ಆರ್ಡರ್ ಆದಮೇಲೆ ಮೂರು ತಿಂಗಳೊಳಗೆ ತಿರುಗಿ ಬರುವುದಾದರೆ ಯಾರನ್ನೂ ಕೇಳಬೇಕಿಲ್ಲ. ಕೈಚೀಲದಲ್ಲಿ ಆರ್ಡರ್‌ನ ಪ್ರತಿ ಇರಲಿ. ಹುಡುಗನ ಪೌರತ್ವ, ವೀಸಾ ಇದರಿಂದ ಬದಲಾಗಲ್ಲ. ನರ್ಸರಿ ರಿಜಿಸ್ಟರಿನಲ್ಲಿ ನಿಮ್ಮ ಮನೆಹೆಸರು ಸೇರಿಸಲು ಮನಸ್ಸಾಗುತ್ತೆ, ಸೇರಿಸಬೇಡಿ. ಅದಕ್ಕೆ ಹೊಣೆ ಇರುವ ಎಲ್ಲರ ಲಿಖಿತ ಒಪ್ಪಿಗೆ ಅಥವಾ ಕೋರ್ಟಿನ ಅನುಮತಿ ಬೇಕು.