ಓದುಗರ ಪ್ರಶ್ನೆ: ಚರ್ಮದ ಬಣ್ಣಕ್ಕೂ ಸ್ನಾಯುವಿಗೂ ಏನು ನಂಟು?

ಪ್ರಶ್ನೆ: ಮೇಡಂ, ನಮ್ಮ ಕಾಲೇಜಿಗೆ ಉಪನ್ಯಾಸಕ್ಕೆ ಬಂದ ವಿಜ್ಞಾನಿಯೊಬ್ಬರನ್ನು ‘ಚರ್ಮದ ಬಣ್ಣ ಮತ್ತು ಸ್ನಾಯು ರೋಗಗಳ ಸಂಶೋಧಕರು’ ಅಂತ ಪರಿಚಯಿಸಿದರು. ಚರ್ಮ ಎಲ್ಲಿ, ಸ್ನಾಯು ಎಲ್ಲಿ? ಎದ್ದು ನಿಂತು ಕೇಳೋಕೆ ಧೈರ್ಯ ಬರಲಿಲ್ಲ.
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಕೇಳಬೇಕಿತ್ತು ತಂಗಿ, ಅವರಿಗೆ ಖುಷಿಯೇ ಆಗುತ್ತಿತ್ತು. ಚರ್ಮದ ಬಣ್ಣಕ್ಕೆ ಕಾರಣ ಮೆಲನಿನ್. ಅದನ್ನು ಎಲ್ಲಾ ಜೀವಕೋಶಗಳೂ ಮಾಡುವುದಿಲ್ಲ. ಮೆಲನೊಸೈಟ್ ಅನ್ನುವ ಕೆಲವೇ ಕೋಶಗಳು ಅದನ್ನು ತಯಾರಿಸಿ, ಸಣ್ಣ ಚೀಲಗಳಲ್ಲಿ ತುಂಬಿ, ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಮೆಲನೊಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಚೀಲಗಳ ಗಾತ್ರ ಮತ್ತು ಅದರೊಳಗಿನ ಮಾಲು ಮಾತ್ರ ಬೇರೆ. (ಫೇರ್‌ನೆಸ್ ಕ್ರೀಮ್ ಮಾರುವವರು ಇದನ್ನು ಯಾಕೆ ಹೇಳುತ್ತಾರೆ, ಅಲ್ವಾ?)

ಈಗ ನಂಟಿಗೆ ಬರೋಣ. ಆ ಚೀಲಗಳನ್ನು ಕೋಶದ ಅಂಚಿನವರೆಗೆ ಸಾಗಿಸಿ ಅಲ್ಲೇ ಹಿಡಿದಿಡುವುದು ಮಯೋಸಿನ್-5ಎ ಎಂಬ ಪ್ರೋಟೀನ್. ಅದು ನಡೆಯುವುದು ಆಕ್ಟಿನ್ ಅನ್ನುವ ಇನ್ನೊಂದು ಪ್ರೋಟೀನಿನ ಎಳೆಗಳ ಮೇಲೆ. ನಿಮಗೆ ಪಿಯುಸಿ ಪಾಠ ನೆನಪಾಗಿರಬೇಕು: ನಾವು ಕೈ ಮಡಚಿದಾಗ ಸ್ನಾಯುವಿನೊಳಗೆ ಆಕ್ಟಿನ್ ಎಳೆಗಳನ್ನು ಎಳೆಯುವುದೂ ಮಯೋಸಿನ್ನೇ, ಇದೇ ಮನೆತನದ ಇನ್ನೊಂದು ಕವಲು. 1864ರಲ್ಲಿ ಜರ್ಮನ್ ವಿಜ್ಞಾನಿ ವಿಲ್‌ಹೆಲ್ಮ್ ಕ್ಯೂನೆ ಮಯೋಸಿನ್‌ಗೆ ಹೆಸರಿಟ್ಟಿದ್ದು ಸ್ನಾಯುವಿನಲ್ಲಿ ಕಂಡೇ. ಮಯೋಸಿನ್-5ಎ ಕೆಟ್ಟರೆ ಗ್ರಿಸೆಲ್ಲಿ ಅನ್ನುವ ಅಪರೂಪದ ಕಾಯಿಲೆ ಬರುತ್ತದೆ. ಮಗುವಿನ ಕೂದಲು ಬೆಳ್ಳಿಯ ಹಾಗೆ ಬೂದು ಬಣ್ಣಕ್ಕಿರುತ್ತದೆ, ಮೆಲನಿನ್ ಇಲ್ಲ ಅಂತಲ್ಲ, ಅದು ಕೂದಲಿಗೆ ಸರಿಯಾಗಿ ತಲುಪುತ್ತಿಲ್ಲ ಅಂತ.

ಇನ್ನೊಂದು ನಂಟು ಜೀಬ್ರಾ ಮೀನು. ಹುಬ್ಬಳ್ಳಿಯ ಅಕ್ವೇರಿಯಂ ಅಂಗಡಿಯಲ್ಲೂ ಸಿಗುವ, ಬೆರಳಿಗಿಂತ ಚಿಕ್ಕ ಮೀನು. ಅದರ ಭ್ರೂಣ ಪಾರದರ್ಶಕ, ಹಾಗಾಗಿ ಬಣ್ಣದ ಕೋಶ ಹುಟ್ಟುವುದು, ಸ್ನಾಯು ಮಿಡಿಯುವುದು ಎರಡನ್ನೂ ಕೊಯ್ಯದೆ ಮೈಕ್ರೋಸ್ಕೋಪಿನಲ್ಲಿ ನೋಡಬಹುದು. 2005ರಲ್ಲಿ ಅಮೆರಿಕದ ಪೆನ್ ಸ್ಟೇಟ್‌ನ ಕೀತ್ ಚೆಂಗ್ ಅವರ ತಂಡ, ಮಾಸಲು ಬಣ್ಣದ ‘ಗೋಲ್ಡನ್’ ತಳಿಯಲ್ಲಿ ಕೆಟ್ಟಿದ್ದ ಜೀನ್ ಹುಡುಕಿತು. ಮನುಷ್ಯರಲ್ಲಿರುವ ಅದೇ ಜೀನಿನ ಆರ್‌ಎನ್‌ಎಯನ್ನು (ಪ್ರೋಟೀನ್ ಮಾಡಲು ಜೀನ್ ಕೊಡುವ ಆದೇಶದ ಪ್ರತಿ) ಭ್ರೂಣಕ್ಕೆ ಚುಚ್ಚಿದಾಗ ಮೀನಿಗೆ ಕಪ್ಪು ಬಣ್ಣ ಮರಳಿತು. ಸ್ನಾಯು ರೋಗ ಓದುವವರೂ ಇದೇ ಮೀನು ಸಾಕುತ್ತಾರೆ. ಆರೋಗ್ಯವಂತ ಸ್ನಾಯು ಧ್ರುವೀಕೃತ ಬೆಳಕಿನಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿದ ಬೆಳಕು) ಹೊಳೆಯುತ್ತದೆ, ಹಾಳಾದದ್ದು ಮಂಕಾಗುತ್ತದೆ. ಬಣ್ಣ ಅಡ್ಡ ಬರಬಾರದು ಅಂತ ಅವರು ಬಣ್ಣ ಕಡಿಮೆ ಇರುವ ತಳಿಯನ್ನೇ ಬಳಸುವುದೂ ಉಂಟು. ಹೀಗೆ ಒಂದೇ ಲ್ಯಾಬಿನಲ್ಲಿ ಎರಡೂ ಕೆಲಸ ನಡೆದರೆ ಆಶ್ಚರ್ಯವೇನಿಲ್ಲ.

ಪ್ರಶ್ನೆ: ನನ್ನ ಐದು ವರ್ಷದ ಮಗ ಪದೇ ಪದೇ ಬೀಳ್ತಾನೆ, ಮೆಟ್ಟಿಲು ಹತ್ತೋಕೆ ಆಗಲ್ಲ. ಮೀನಖಂಡ ಮಾತ್ರ ಪೈಲ್ವಾನರ ಹಾಗೆ ದಪ್ಪ. ನನ್ನ ತಮ್ಮನಿಗೂ ಹೀಗೇ ಇತ್ತು. ಅತ್ತೆಯವರು ನನ್ನನ್ನೇ ದೂರುತ್ತಾರೆ.
– ಒಬ್ಬ ತಾಯಿ, ಗದಗ ಜಿಲ್ಲೆ

ಉತ್ತರ: ಅಕ್ಕಾ, ತಡ ಮಾಡಬೇಡಿ. ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರಿ ಏಳುತ್ತಾನಾ ನೋಡಿ. ಇದು ಡುಶೆನ್ ಸ್ನಾಯುಕ್ಷಯ ಇರಬಹುದು, ಬೇರೆಯದೂ ಇರಬಹುದು. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಿಗೆ ತೋರಿಸಿ, ಸಿಪಿಕೆ (ಹಾಳಾದ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಕಿಣ್ವ) ರಕ್ತ ಪರೀಕ್ಷೆ ಬಗ್ಗೆ ಕೇಳಿ. ಈ ಕಾಯಿಲೆಯಲ್ಲಿ ಅದು ವಿಪರೀತ ಏರಿರುತ್ತದೆ. ಆಮೇಲೆ ಜೀನ್ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಬಹುದು. ಪೂರ್ತಿ ಗುಣ ಮಾಡುವ ಔಷಧಿ ಇಲ್ಲ, ಆದರೆ ಸ್ಟಿರಾಯ್ಡ್ ಮತ್ತು ಫಿಸಿಯೋಥೆರಪಿಯಿಂದ ಮಗು ಹೆಚ್ಚು ವರ್ಷ ನಡೆಯಬಹುದು.

ಡುಶೆನ್‌ನಲ್ಲಿ ಕೆಟ್ಟಿರುವುದು ಡಿಸ್ಟ್ರೋಫಿನ್ ಎಂಬ ಸ್ನಾಯು ಪ್ರೋಟೀನಿನ ಜೀನ್, ಅದು ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ತಾಯಿಗೆ ಏನೂ ತೊಂದರೆ ಕಾಣದೇ ಮಗನಿಗೆ ಬರುತ್ತದೆ, ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ಹೊಸದಾಗಿಯೇ ಹುಟ್ಟುತ್ತದೆ. ಯಾವ ಜೀನ್ ದಾಟಿಸಬೇಕು ಅಂತ ಯಾವ ತಾಯಿಯೂ ಆರಿಸುವುದಿಲ್ಲ. ಅತ್ತೆಯವರನ್ನೂ ಡಾಕ್ಟರ್ ಹತ್ತಿರ ಕರೆದೊಯ್ಯಿರಿ, ಅವರ ಬಾಯಿಂದಲೇ ಕೇಳಲಿ.

ಪ್ರಶ್ನೆ: ತಂಗಿಗೆ ತೊನ್ನು ಇದೆ. ಮುಂದೆ ಸ್ನಾಯುವಿಗೂ ಇಳಿಯುತ್ತೆ, ಮುಟ್ಟಿದರೆ ಅಂಟುತ್ತೆ ಅಂತ ಹೇಳಿ ಗಂಡಿನ ಕಡೆಯವರು ಹಿಂದೆ ಸರಿದರು.
– ಓದುಗ, ರಾಣೆಬೆನ್ನೂರು

ಉತ್ತರ: ಎರಡೂ ಸುಳ್ಳು. ತೊನ್ನಿನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆಲನೊಸೈಟ್‌ಗಳನ್ನು ಕೊಲ್ಲುತ್ತದೆ. ಅಂಟುವುದಿಲ್ಲ, ಕುಷ್ಠವೂ ಅಲ್ಲ, ಮೀನು ತಿಂದು ಹಾಲು ಕುಡಿದರೆ ಬರುವುದೂ ಅಲ್ಲ. ಮುಲಾಮು, ಬೆಳಕಿನ ಚಿಕಿತ್ಸೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆ ಸ್ವಲ್ಪ ಜಾಸ್ತಿ, ಅದನ್ನೊಂದು ಪರೀಕ್ಷೆ ಮಾಡಿಸಿ.