ಕೋಲ್ಕತ್ತದ ಟ್ರಾಮ್‌ಗೆ ಜನರೇ ಇಲ್ಲ ಎಂದ ಮೇಲೆ ಅದನ್ನು ಉಳಿಸುವುದೇಕೆ?

ನಿಮ್ಮ ಪ್ರಶ್ನೆ ಇಷ್ಟು: ಕೋಲ್ಕತ್ತದಲ್ಲಿ ಟ್ರಾಮ್ ಹತ್ತುವವರೇ ಇಲ್ಲ, ವರ್ಷ ವರ್ಷವೂ ನಷ್ಟ, ಸಾಲದ್ದಕ್ಕೆ ವಾಹನಗಳಿಗೆ ಅಡ್ಡಿ. ಹೀಗಿರುವಾಗ ಅದನ್ನು ಉಳಿಸಿ ಎಂದು ಹೈಕೋರ್ಟಿನವರೆಗೆ ಹೋದವರದು ಹಳೆಯದರ ವ್ಯಾಮೋಹವಲ್ಲದೆ ಮತ್ತೇನು?

ವ್ಯಾಮೋಹ ಇಲ್ಲವೆಂದು ಹೇಳಲಾರೆ, ನನಗೂ ಇದೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಹೋಗಿ 2011ರಿಂದ ಐದು ವರ್ಷ ಆ ಊರಿನಲ್ಲಿದ್ದೆ. ಬ್ಯಾಲಿಗಂಜ್ ಸ್ಟೇಷನ್ನಿನ ಹತ್ತಿರ ಬಾಡಿಗೆ ಮನೆ. ಆದರೆ ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಟ್ರಾಮ್ ಬಿಟ್ಟು ಬೇರೆ ದಾರಿ ಹಿಡಿದವರ ಲೆಕ್ಕದಲ್ಲಿ ನಾನೂ ಒಬ್ಬ. ಬೆಳಿಗ್ಗೆ ಶೇರ್ ಆಟೊದಲ್ಲಿ ಕಾಲೀಘಾಟ್ ಮೆಟ್ರೊಗೆ ಹೋಗಿ ಅಲ್ಲಿಂದ ಕಚೇರಿ. ಭಾನುವಾರ ಮಾತ್ರ ಟ್ರಾಮ್. ಆದ್ದರಿಂದ ಜನ ಏಕೆ ಬಿಟ್ಟರು ಎಂಬ ಪ್ರಶ್ನೆಗೆ ಬಿಟ್ಟವನ ಕಡೆಯಿಂದ ಉತ್ತರ ಕೊಡಬಲ್ಲೆ.

ಮೊದಲು ಒಂದು ಹಳೆಯ ಕಥೆ. ಆ ಊರಿನಲ್ಲಿ ಟ್ರಾಮ್ ಮೊದಲು ಓಡಿದ್ದು 1873ರ ಫೆಬ್ರವರಿ 24ರಂದು, ಸಿಯಾಲ್ದಾದಿಂದ ಅರ್ಮೇನಿಯನ್ ಘಾಟ್‌ವರೆಗೆ, ಸುಮಾರು 4 ಕಿ.ಮೀ. ದೂರ, ಕುದುರೆ ಎಳೆಯುವ ಗಾಡಿ. ಅದೇ ವರ್ಷದ ನವೆಂಬರ್‌ನಲ್ಲಿ ನಿಲ್ಲಿಸಿದರು. ಕಾರಣ ಜನ ಸಾಲದು ಎಂಬುದೇ! ನೀವು ಇಂದು ಕೇಳುವುದನ್ನೇ ಅಂದಿನ ಸಾಹೇಬರೂ ಕೇಳಿ ಬಾಗಿಲು ಹಾಕಿಕೊಂಡಿದ್ದರು. 1880ರಲ್ಲಿ ಲಂಡನ್ನಿನಲ್ಲಿ ನೋಂದಣಿಯಾದ ಕಂಪನಿಯೊಂದು ಮತ್ತೆ ಹಳಿ ಹಾಕಿತು, ಮಾರ್ಗಗಳನ್ನು ಬೆಳೆಸಿತು, 1902ರಲ್ಲಿ ಎಸ್‌ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ವಿದ್ಯುತ್ ಟ್ರಾಮ್ ಓಡಿಸಿತು. ಹಿಂದೆ ಖಾಲಿ ಓಡಿದ ಅದೇ ಊರಿನಲ್ಲಿ ಈಗ ಜನ ನೇತಾಡಿಕೊಂಡು ಹೋಗತೊಡಗಿದರು. 1943ರಲ್ಲಿ ಹೊಸ ಹೌರಾ ಸೇತುವೆಯನ್ನು ಮೊದಲು ದಾಟಿದ್ದು ಟ್ರಾಮೇ. 1953ರ ಜುಲೈನಲ್ಲಿ ಎರಡನೇ ದರ್ಜೆಯ ದರವನ್ನು ಒಂದೇ ಒಂದು ಪೈಸೆ ಏರಿಸಿದ್ದಕ್ಕೆ ಊರಿಗೆ ಊರೇ ಬೀದಿಗಿಳಿಯಿತು. ಟ್ರಾಮ್‌ಗಳಿಗೆ ಬೆಂಕಿ ಬಿತ್ತು. ಕೊನೆಗೆ ಆ ಪೈಸೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಬೇಡವಾದ ಗಾಡಿಯ ಪೈಸೆಗಾಗಿ ಯಾರೂ ಲಾಠಿ ಏಟು ತಿನ್ನುವುದಿಲ್ಲ.

ಹಾಗಾದರೆ ಆಮೇಲೆ ಏನಾಯಿತು? ಬಸ್ ಬಂತು, 1984ರಲ್ಲಿ ಮೆಟ್ರೊ ಬಂತು, ಸ್ಕೂಟರ್ ಕಾರು ಹೆಚ್ಚಿದವು. ಇವೆಲ್ಲ ನಿಜ, ಎಲ್ಲರೂ ಹೇಳುವುದೇ. ಮದರಾಸಿನಲ್ಲಿ 1953ರಲ್ಲಿ, ದೆಹಲಿಯಲ್ಲಿ 1963ರಲ್ಲಿ, ಬೊಂಬಾಯಿಯಲ್ಲಿ 1964ರಲ್ಲಿ ಟ್ರಾಮ್ ಮುಗಿದದ್ದೂ ಹೀಗೆಯೇ. ಕೋಲ್ಕತ್ತದ್ದು ಸ್ವಲ್ಪ ಬೇರೆ. ಅಲ್ಲಿ ಟ್ರಾಮ್ ಅನ್ನು ಒಂದೇ ಏಟಿಗೆ ಮುಗಿಸಲಿಲ್ಲ. ಮುಖ್ಯವಾದ ಏಟು ಬಿದ್ದದ್ದು ರಸ್ತೆಯಲ್ಲಿ, ಅದೂ ದುರಸ್ತಿಯ ಹೆಸರಿನಲ್ಲಿ.

ನಮ್ಮ ಮನೆಯ ಹತ್ತಿರದ ರಾಸ್‌ಬಿಹಾರಿ ಅವೆನ್ಯೂ ಅನ್ನೇ ತೆಗೆದುಕೊಳ್ಳಿ. ರಸ್ತೆಯ ನಡುವೆ ಹುಲ್ಲು ಬೆಳೆದ ಉದ್ದನೆಯ ಪಟ್ಟಿ, ಅದರ ಮೇಲೆ ಹಳಿ, ಅಲ್ಲಿ ಟ್ರಾಮ್ ಬಿಟ್ಟರೆ ಬೇರೆ ಗಾಡಿಗೆ ಪ್ರವೇಶವಿಲ್ಲ. ಹೀಗಿತ್ತೆಂದು ನನ್ನ ಮನೆಯ ಮಾಲೀಕರು ಹೇಳುತ್ತಿದ್ದರು. ಕಾಯುವವರು ಆ ಪಟ್ಟಿಯ ಮೇಲೆಯೇ ನಿರಾತಂಕವಾಗಿ ನಿಂತಿರುತ್ತಿದ್ದರಂತೆ. 2000ದ ನಂತರದ ವರ್ಷಗಳಲ್ಲಿ ಇಂಥ ಪಟ್ಟಿಗಳನ್ನು ಒಡೆದು, ಹಳಿಯನ್ನು ಕಾಂಕ್ರೀಟಿನಲ್ಲಿ ಹೂತು, ರಸ್ತೆಯ ಮಟ್ಟಕ್ಕೆ ತಂದು, ಎಲ್ಲ ವಾಹನಗಳಿಗೂ ಬಿಟ್ಟುಕೊಟ್ಟರು. ರಸ್ತೆ ಅಗಲವಾಯಿತು ಎಂದು ಎಲ್ಲರಿಗೂ ಖುಷಿ. ಅಂದಿನಿಂದ ಟ್ರಾಮ್ ಮುಂದೆ ಒಂದು ಟ್ಯಾಕ್ಸಿ ಕೆಟ್ಟು ನಿಂತರೆ ಹಿಂದೆ ಟ್ರಾಮ್‌ಗಳ ಸಾಲು. ಬಸ್ಸಾದರೆ ಪಕ್ಕಕ್ಕೆ ಸರಿದು ಮುಂದೆ ಹೋಗುತ್ತದೆ, ಹಳಿಯ ಮೇಲಿನ ಗಾಡಿ ಎಲ್ಲಿಗೆ ಸರಿಯಬೇಕು?

ಇಲ್ಲೊಂದು ತಮಾಷೆಯಿದೆ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿಯೂ ಹಳಿಗಳನ್ನು ಕಾಂಕ್ರೀಟಿನಲ್ಲಿ ಹೂತರು. ಅಲ್ಲಿ 1949ರಿಂದ 1970ರವರೆಗೆ ಟ್ರಾಮ್ ಮಂಡಳಿಯ ಅಧ್ಯಕ್ಷರಾಗಿದ್ದ ರಾಬರ್ಟ್ ರಿಸ್ಸನ್ ಹಟ ಹಿಡಿದು ಆ ಕೆಲಸ ಮಾಡಿಸಿದ್ದು, ಮುಂದೆ ಯಾರಿಗಾದರೂ ಕಿತ್ತುಹಾಕುವ ಮನಸ್ಸು ಬಂದರೆ ಅದು ಬಲು ದುಬಾರಿಯಾಗಲಿ ಎಂದಂತೆ! ಇಂದು ಅಲ್ಲಿ ಸುಮಾರು 250 ಕಿ.ಮೀ. ಜೋಡಿ ಹಳಿಯಿದೆ, ಜಗತ್ತಿನಲ್ಲೇ ದೊಡ್ಡದು. ಕಾಂಕ್ರೀಟು ಎರಡು ಕಡೆಯೂ ಒಂದೇ, ಸುರಿದವರ ಮನಸ್ಸು ಬೇರೆ.

ಇನ್ನು ನಮ್ಮ ಭಾನುವಾರ. ಲೇಕ್ ಮಾರ್ಕೆಟ್ ಎಂದರೆ ಕೋಲ್ಕತ್ತದ ದಕ್ಷಿಣ ಭಾರತೀಯರಿಗೆ ತವರಿನ ಸಂತೆಯಿದ್ದಂತೆ. ಕರಿಬೇವು, ಬಾಳೆಎಲೆ, ಕಟ್ಟಿದ ಮಲ್ಲಿಗೆ, ಆಗತಾನೇ ಹುರಿದು ಪುಡಿಮಾಡಿದ ಕಾಫಿ ಎಲ್ಲವೂ ಸಿಗುತ್ತದೆ. ಬ್ಯಾಲಿಗಂಜ್‌ನಿಂದ ಟಾಲಿಗಂಜ್‌ಗೆ ಹೋಗುವ ಟ್ರಾಮ್ ಅದರ ಮುಂದೆಯೇ ಹಾದುಹೋಗುತ್ತಿತ್ತು. ಮರದ ಸೀಟು, ತೆರೆದ ಕಿಟಕಿ, ಚಾಲಕ ಕಾಲಿನಿಂದ ಒತ್ತಿ ಬಾರಿಸುವ ಗಂಟೆ, ತೆಳ್ಳನೆಯ ಟಿಕೆಟ್ ಕಟ್ಟನ್ನು ಬೆರಳಿನಿಂದ ಸರ್‌ರೆಂದು ಸವರಿ ಸದ್ದು ಮಾಡುವ ಕಂಡಕ್ಟರ್. ಬೆಲೆಯೋ ಬಸ್ಸಿಗಿಂತ ಕಡಿಮೆ.

2013ರಲ್ಲಿ ತುಮಕೂರಿನಿಂದ ಅಮ್ಮ ಬಂದಿದ್ದರು. ಆಗ ಅವರಿಗೆ ಎಪ್ಪತ್ತರ ಹತ್ತಿರ. ಟ್ರಾಮ್ ತೋರಿಸುತ್ತೇನೆಂದು ಕರೆದುಕೊಂಡು ಹೋದೆ. ಹೋಗುವಾಗ ಬ್ಯಾಲಿಗಂಜ್‌ನಲ್ಲಿ ಗಾಡಿ ಹೊರಡುವ ಕಡೆಯೇ ಹತ್ತಿದ್ದರಿಂದ ತೊಂದರೆಯಾಗಲಿಲ್ಲ. ಅಮ್ಮನಿಗೆ ಬಹಳ ಇಷ್ಟವಾಯಿತು, ಎತ್ತಿನ ಗಾಡಿಯಷ್ಟೇ ನಿಧಾನ, ಆದರೆ ಕುಲುಕಾಟವಿಲ್ಲ ಎಂದರು. ಬರುವಾಗಿನ ಕಥೆ ಬೇರೆ. ಕಾಯುವುದು ಫುಟ್‌ಪಾತ್ ಅಂಚಿನಲ್ಲಿ, ಟ್ರಾಮ್ ನಿಲ್ಲುವುದು ರಸ್ತೆಯ ನಡುವೆ. ನಮಗೂ ಅದಕ್ಕೂ ಮಧ್ಯೆ ಎರಡು ಸಾಲು ಟ್ಯಾಕ್ಸಿ, ಆಟೊ, ಬೈಕು. ಟ್ರಾಮ್ ನಿಂತಿತು ಎಂದು ಅವರಾರೂ ನಿಲ್ಲಲಿಲ್ಲ. ನನ್ನ ಒಂದು ಕೈಯಲ್ಲಿ ಬಾಳೆಎಲೆಯ ಕಟ್ಟು, ಇನ್ನೊಂದರಲ್ಲಿ ಅಮ್ಮನ ತೋಳು. ಎರಡು ಹೆಜ್ಜೆ ಮುಂದಿಟ್ಟು ಮೂರು ಹೆಜ್ಜೆ ಹಿಂದೆ ಸರಿದೆವು. ಚಾಲಕ ಗಂಟೆ ಬಾರಿಸಿದ, ಹೊರಟು ಹೋಗಲಿಲ್ಲ, ಪುಣ್ಯಾತ್ಮ. ಕೊನೆಗೆ ಕಂಡಕ್ಟರೇ ಕೆಳಗಿಳಿದು, ಚರ್ಮದ ಚೀಲವನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯನ್ನು ಟ್ಯಾಕ್ಸಿಗಳಿಗೆ ಅಡ್ಡ ಚಾಚಿ ನಿಂತು, “ಆಶುನ್ ಮಾಶಿಮಾ, ಆಶುನ್” ಎಂದರು. ಬನ್ನಿ ಚಿಕ್ಕಮ್ಮ ಎಂದು. ಅಮ್ಮ ಕನ್ನಡದಲ್ಲೇ “ಬಂದೆನಪ್ಪ” ಎಂದು ಓಡಿದರು. ಹತ್ತಿ ಕುಳಿತು ಉಸಿರು ಸುಧಾರಿಸಿಕೊಂಡ ಮೇಲೆ ಅವರು ಹೇಳಿದ್ದು: “ಇದನ್ನು ಹತ್ತುವುದಕ್ಕೆ ಗಂಡೆದೆ ಬೇಕು ಕಣಪ್ಪ.” ಮುಂದಿನ ಭಾನುವಾರ ಕರೆದರೆ ಆಟೊ ಹಿಡಿ ಎಂದರು.

ಪ್ರಯಾಣಿಕರ ಲೆಕ್ಕದಲ್ಲಿ ಅವತ್ತು ಒಬ್ಬರು ಕಡಿಮೆಯಾದರು. ಟ್ರಾಮ್ ಇಷ್ಟವಾಗದೆ ಬಿಟ್ಟವರಲ್ಲ ಅವರು. ಹತ್ತಲಾಗದೆ ಬಿಟ್ಟವರು. ಈ ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆದು ‘ಬೇಡಿಕೆ ಇಲ್ಲ’ ಎಂದು ಷರಾ ಹಾಕುವುದಿದೆಯಲ್ಲ, ನನ್ನ ತಕರಾರು ಅದರ ಮೇಲೆ.

ಉಳಿದದ್ದು ಒಂದರ ಹಿಂದೊಂದು ಬಂತು. ಹೌರಾ ಸೇತುವೆಯ ಮೇಲಿನ ಟ್ರಾಮ್ 1993ರಲ್ಲೇ ನಿಂತಿತ್ತು. ಅಂದರೆ ಊರಿನ ದೊಡ್ಡ ರೈಲು ನಿಲ್ದಾಣಕ್ಕೇ ಸಂಪರ್ಕ ತಪ್ಪಿತು. ಆಮೇಲೆ ಹಳೆಯ ಸೇತುವೆಗಳ ಭಾರದ ಚಿಂತೆ, ಪೂರ್ವ–ಪಶ್ಚಿಮ ಮೆಟ್ರೊ ಕಾಮಗಾರಿ, 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತಕ್ಕೆ ಹರಿದುಬಿದ್ದ ತಂತಿಗಳು. ಪ್ರತಿ ಸಲವೂ ‘ತಾತ್ಕಾಲಿಕ’ ಎಂದೇ ನಿಲ್ಲುತ್ತಿತ್ತು. ಹಲವು ಕವಲಿನ ಜಾಲ ತುಂಡು ತುಂಡಾದ ಮೇಲೆ ಉಳಿದ ತುಂಡಿನಲ್ಲಿ ಜನ ಕಡಿಮೆಯಾಗುವುದು ಸಹಜ. ಅರ್ಧ ದಾರಿಗೆ ಬಿಡುವ ಬಸ್ಸನ್ನು ಯಾರು ಹತ್ತುತ್ತಾರೆ?

ಎದುರು ಪಕ್ಷದ ಮಾತೂ ಪೊಳ್ಳಲ್ಲ. ಕೋಲ್ಕತ್ತದ ವಿಸ್ತೀರ್ಣದಲ್ಲಿ ರಸ್ತೆಯ ಪಾಲು ಶೇ 6 ಮಾತ್ರ ಎಂದು ಸರಕಾರ ಹೇಳುತ್ತದೆ. ಅದನ್ನು ನಂಬಲು ಅಂಕಿ ಅಂಶ ಬೇಡ, ಒಮ್ಮೆ ಕಾಲೇಜ್ ಸ್ಟ್ರೀಟ್‌ನಲ್ಲಿ ನಡೆದರೆ ಸಾಕು. ಮಳೆಗಾಲದಲ್ಲಿ ಹಳಿಯ ಮೇಲೆ ಬೈಕ್ ಜಾರುವುದೂ ಕಟ್ಟುಕಥೆಯಲ್ಲ. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ಬಿದ್ದು ಮೊಣಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದರು. ಅವರ ಮುಂದೆ ನಾನು ಟ್ರಾಮ್ ಪರ ವಾದಿಸುತ್ತಿರಲಿಲ್ಲ. ಟ್ರಾಮ್ ಪ್ರೇಮಿಗಳು ಇಂಥ ಮಾತು ಬಂದಾಗ ಸತ್ಯಜಿತ್ ರೇ ಕಾಲದ ಕಪ್ಪು ಬಿಳುಪು ಚಿತ್ರ ತೋರಿಸಿ ನಿಟ್ಟುಸಿರು ಬಿಡುವುದು ನನಗೂ ಸರಿಕಾಣುವುದಿಲ್ಲ.

ಜನ ಮತ್ತೆ ಬರುತ್ತಾರೆಯೇ ಎಂದು ನೀವು ಕೇಳಬಹುದು. ಅಮೆರಿಕದ ಸಿನ್ಸಿನ್ನಾಟಿಯಲ್ಲಿ 2016ರಲ್ಲಿ 6 ಕಿ.ಮೀ. ಸಮೀಪದ ಟ್ರಾಮ್ ಮಾರ್ಗ ಶುರುವಾಯಿತು. ಮೊದಲ ವರ್ಷಗಳಲ್ಲಿ ನಿರೀಕ್ಷೆಯಷ್ಟು ಜನ ಬರದೆ ಊರವರ ನಗೆಪಾಟಲಾಯಿತು. 2020ರಲ್ಲಿ ಟಿಕೆಟ್ ತೆಗೆದುಹಾಕಿದರು. 2023ರಲ್ಲಿ ವರ್ಷದ ಪ್ರಯಾಣಗಳು 10 ಲಕ್ಷ ದಾಟಿದವು. ಕೋಲ್ಕತ್ತಕ್ಕೆ ಉಚಿತ ಪ್ರಯಾಣವೇ ಮದ್ದು ಎನ್ನುತ್ತಿಲ್ಲ, ಅಲ್ಲಿ ದರ ಎಂದೂ ತೊಡಕಾಗಿರಲಿಲ್ಲ. ಪ್ರಯಾಣಿಕರ ಸಂಖ್ಯೆ ಹಣೆಬರಹವಲ್ಲ ಎಂದಷ್ಟೇ ಹೇಳಿದೆ.

2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾರಿಗೆ ಸಚಿವರು ಊರ ನಡುವಿನ ಎಸ್‌ಪ್ಲನೇಡ್‌ನಿಂದ ‘ಮೈದಾನ’ ಎಂದೇ ಹೆಸರಾದ ದೊಡ್ಡ ಬಯಲಿನವರೆಗಿನ ಪಾರಂಪರಿಕ ಓಡಾಟವೊಂದನ್ನು ಬಿಟ್ಟು ಉಳಿದೆಲ್ಲ ಟ್ರಾಮ್ ನಿಲ್ಲುತ್ತದೆ ಎಂದರು. ಅಷ್ಟರಲ್ಲಿ ಉಳಿದಿದ್ದೇ ಗರಿಯಾಹಾಟ್ ಮತ್ತು ಶ್ಯಾಮ್‌ಬಜಾರ್ ಕಡೆಯಿಂದ ಎಸ್‌ಪ್ಲನೇಡ್‌ಗೆ ಬರುವಂಥ ಬೆರಳೆಣಿಕೆಯ ಮಾರ್ಗಗಳು. 2025ರ ಜನವರಿಯಲ್ಲಿ ಹೈಕೋರ್ಟ್ ಹಳಿಗಳ ಮೇಲೆ ಡಾಂಬರು ಹಾಕುವುದನ್ನು ನಿಲ್ಲಿಸಿ ಎಂದಿತು. ನ್ಯಾಯಾಲಯ ಹಾಗೆ ಹೇಳಬೇಕಾಗಿ ಬಂತು ಎಂಬುದನ್ನೇ ಯೋಚಿಸಿ. ಒಂದು ಕಡೆ ವಾದ ನಡೆಯುತ್ತಿದೆ, ಇನ್ನೊಂದು ಕಡೆ ರೋಡ್ ರೋಲರ್ ಓಡುತ್ತಿದೆ. ವಿದ್ಯುತ್ ಬಸ್ ಕೊಳ್ಳಲು ಎಲ್ಲ ಊರುಗಳೂ ಪೈಪೋಟಿಗೆ ಬಿದ್ದಿರುವ ಕಾಲದಲ್ಲಿ 1902ರಿಂದ ವಿದ್ಯುತ್ತಿನಲ್ಲೇ ಓಡಿದ ಗಾಡಿಯ ಹಳಿಗೆ ಟಾರು.

ನನ್ನನ್ನು ಕೇಳಿದರೆ, ಇಕ್ಕಟ್ಟಾದ ಉತ್ತರ ಕೋಲ್ಕತ್ತದ ಕೆಲವು ಬೀದಿಗಳಲ್ಲಿ ಟ್ರಾಮ್ ನಿಲ್ಲಿಸಿದರೆ ನಾನು ಜಗಳ ಮಾಡುವುದಿಲ್ಲ. ಆದರೆ ರಾಸ್‌ಬಿಹಾರಿಯಂಥ ಅಗಲವಾದ ರಸ್ತೆಯಲ್ಲಿ ನಡುಪಟ್ಟಿಯನ್ನು ಮತ್ತೆ ಟ್ರಾಮ್‌ಗೇ ಬಿಟ್ಟು, ಹತ್ತಲು ಒಂದು ಕಟ್ಟೆ ಕಟ್ಟಿ, ಹತ್ತು ನಿಮಿಷಕ್ಕೊಂದು ಗಾಡಿ ಬಿಟ್ಟು, ಎರಡು ವರ್ಷ ನೋಡಿ. ಆಮೇಲೂ ಸೀಟು ಖಾಲಿಯಿದ್ದರೆ ಮುಚ್ಚಿ, ನಾನೂ ನಿಮ್ಮ ಪಕ್ಷ.

ಮೈದಾನದ ಆ ಪಾರಂಪರಿಕ ಟ್ರಾಮ್ ಮಾತ್ರ ನನಗೆ ಬೇಡ. ಅದರಲ್ಲಿ ಜನ ಇರುತ್ತಾರೆ, ಭಾನುವಾರವಂತೂ ಮೊಬೈಲ್ ಹಿಡಿದ ಜನ ಕಿಕ್ಕಿರಿದಿರುತ್ತಾರೆ. ಕಾಫಿಪುಡಿ ತರಲು ಹೊರಟವರು ಒಬ್ಬರೂ ಇರುವುದಿಲ್ಲ.