ರಾಯಚೂರು ಕೃಷಿ ವಿವಿ 2008ರದು ಅಂತೆ, ಅಲ್ಲಿ ಸೌಲಭ್ಯ ಹೇಗಿದೆ?

ದಾವಣಗೆರೆಯಿಂದ ಕೇಳಿದ್ದೀರಿ, ಸರ್. ಮಗಳಿಗೆ ಬಿಎಸ್ಸಿ ಅಗ್ರಿ ಮಾಡೋ ಆಸೆ, ಸೀಟು ಹಂಚಿಕೆಗೆ ಬೇಕಾದ ಕಾಲೇಜು ಆರಿಸುವ ಆಪ್ಷನ್ ಎಂಟ್ರಿಯಲ್ಲಿ ರಾಯಚೂರು ಹಾಕಬಹುದಾ, ಇಷ್ಟು ಹೊಸ ವಿಶ್ವವಿದ್ಯಾಲಯದಲ್ಲಿ ಏನಿರುತ್ತೆ ಅಂತ. ನಾನು ಅಲ್ಲೇ ಓದಿದವನು. ಈಗ ಸಿಂಧನೂರಿನ ಹತ್ತಿರ ನಮ್ಮ ಹೊಲ ನೋಡಿಕೊಂಡಿದ್ದೇನೆ. ಬೀಜಕ್ಕೆ, ಮಣ್ಣು ಪರೀಕ್ಷೆಗೆ ಅಂತ ಈಗಲೂ ಹೋಗಿ ಬರುತ್ತಿರುತ್ತೇನೆ.

ಮೊದಲು ಆ 2008ರ ವಿಷಯ. ಬೆಂಗಳೂರು ಕೃಷಿ ವಿವಿ ಶುರುವಾಗಿದ್ದು 1964ರಲ್ಲಿ. 1986ರಲ್ಲಿ ಧಾರವಾಡ ಬೇರೆಯಾಯಿತು. 2008ರ ನವೆಂಬರಿನಲ್ಲಿ ಧಾರವಾಡದಿಂದ ರಾಯಚೂರು ಬೇರೆಯಾಯಿತು. ಅಣ್ಣತಮ್ಮಂದಿರು ಪಾಲಾದ ಹಾಗೆ. ಆದರೆ ಪಾಲಿಗೆ ಬಂದದ್ದು ಖಾಲಿ ಜಾಗ ಅಲ್ಲ. ಕೃಷಿ ಕಾಲೇಜು, ಕೃಷಿ ಎಂಜಿನಿಯರಿಂಗ್ ಕಾಲೇಜು ಎರಡೂ ಇಲ್ಲಿ ಆಗಲೇ ನಡೆಯುತ್ತಿದ್ದವು. ಜೊತೆಗೆ ಈ ಭಾಗದ ಸಂಶೋಧನಾ ಕೇಂದ್ರಗಳೂ ಬಂದವು. ಬಳ್ಳಾರಿ ಹತ್ತಿರದ ಹಗರಿ ಕೇಂದ್ರ 1906ರದು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು ನಿಜಾಮರ ಕೈಯಲ್ಲಿತ್ತು. ಬೋರ್ಡು ಹೊಸದು ಅಷ್ಟೇ, ಹೊಲ ಹಳೇವು.

ಕ್ಯಾಂಪಸ್ ಇರುವುದು ಲಿಂಗಸುಗೂರು ರಸ್ತೆಯಲ್ಲಿ. ಹುಡುಗ, ಹುಡುಗಿಯರಿಗೆ ಬೇರೆ ಬೇರೆ ಹಾಸ್ಟೆಲ್, ಗ್ರಂಥಾಲಯ, ಸಭಾಂಗಣ, ಆಟದ ಮೈದಾನ ಎಲ್ಲಾ ಇವೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅಂಥವು ಎಲ್ಲಾ ಕಡೆ ಇರುತ್ತವೆ. ಬಿಸಿಲು ಮಾತ್ರ ನಿಮ್ಮ ಕಡೆಯದ್ದಲ್ಲ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ.

ನನ್ನ ಲೆಕ್ಕದಲ್ಲಿ ಕೃಷಿ ವಿವಿಯ ನಿಜವಾದ ಸೌಲಭ್ಯ ಅಂದರೆ ಜಮೀನು. ಅಲ್ಲಿ ಯಾವ ಬೆಳೆ ಇದೆ, ಯಾವ ತೊಂದರೆಗೆ ಔಷಧಿ ಹುಡುಕುತ್ತಿದ್ದಾರೆ ಅನ್ನೋದು. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ. ಎರೆ ಭೂಮಿಗೆ ನೀರು ಬಂತು, ಭತ್ತ ಬಂತು, ಹಿಂದೆಯೇ ಸವಳು-ಜವಳೂ ಬಂತು. ನೀರು ಬಸಿದು ಹೋಗದೆ ನಿಂತರೆ ಉಪ್ಪು ಮೇಲೇರುತ್ತೆ, ಕೊನೆಗೆ ಹೊಲ ಬೆಳ್ಳಗಾಗುತ್ತೆ. ಇದರ ಮೇಲೆ ಗಂಗಾವತಿ ಕೇಂದ್ರದಲ್ಲಿ ಬಹಳ ಕಾಲದಿಂದ ಕೆಲಸ ನಡೆದಿದೆ. ಬಸಿಗಾಲುವೆ ಎಷ್ಟು ಆಳ ಇರಬೇಕು, ಎಷ್ಟು ದೂರಕ್ಕೊಂದು ಇರಬೇಕು ಅನ್ನೋದನ್ನು ಹೊಲದಲ್ಲೇ ನಿಂತು ನೋಡಬಹುದು. ಗಂಗಾವತಿ ಸೋನಾ ಭತ್ತ ಬಂದಿದ್ದೂ ಅಲ್ಲಿಂದಲೇ. ಕಾಲುವೆಯ ಕೊನೆಗೆ ನೀರು ಮುಟ್ಟದ ಊರುಗಳಿಗೆ ಕೂರಿಗೆ ಭತ್ತ, ಅಂದರೆ ನಾಟಿ ಮಾಡದೆ ಬೀಜ ನೇರವಾಗಿ ಬಿತ್ತುವುದನ್ನು ಹೇಳಿಕೊಟ್ಟವರು, ಲೇಸರ್ ಯಂತ್ರದಲ್ಲಿ ಹೊಲ ಮಟ್ಟ ಮಾಡುವುದನ್ನು ತೋರಿಸಿದವರು ಇದೇ ವಿವಿಯವರು. ತೊಗರಿಯಲ್ಲಿ ಟಿಎಸ್-3ಆರ್ ತಳಿ ಹೆಸರು ಕೇಳಿರಬಹುದು, ಅದೂ ಈ ವಿವಿಯದೇ.

ಇನ್ನೊಂದು, ಕೀಟನಾಶಕದ ಶೇಷ ಪತ್ತೆ ಮಾಡುವ ಪ್ರಯೋಗಾಲಯ ರಾಯಚೂರು ಕ್ಯಾಂಪಸ್ಸಿನಲ್ಲೇ ಇದೆ. ಮೆಣಸಿನಕಾಯಿ, ಹತ್ತಿಗೆ ನಾವು ಎಷ್ಟು ಎಣ್ಣೆ ಹೊಡೆಯುತ್ತೇವೆ ಅಂತ ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತಾಗುತ್ತೆ. ಮಗಳಿಗೆ ಲ್ಯಾಬ್ ಕೆಲಸ ಇಷ್ಟ ಇದ್ದರೆ ಎಂಎಸ್ಸಿ ಹೊತ್ತಿಗೆ ಈ ದಾರಿಯನ್ನೂ ನೋಡಬಹುದು.

ಕೋರ್ಸು ನಾಲ್ಕು ವರ್ಷ. ಕೊನೇ ವರ್ಷ ರಾವೆ ಅಂತ ಹಳ್ಳಿಯಲ್ಲಿ ಇದ್ದು ರೈತರ ಜೊತೆ ಕೆಲಸ ಮಾಡಬೇಕು. ಕೆಲವರು ಅದನ್ನು ಸುಮ್ನೆ ಫೋಟೊ ತೆಗೆಸಿಕೊಂಡು ಮುಗಿಸುತ್ತಾರೆ. ಮನಸ್ಸಿಟ್ಟು ಮಾಡಿದರೆ ಕಲಿಯೋದೆಲ್ಲಾ ಅಲ್ಲೇ. ಪಾಠ, ಪರೀಕ್ಷೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಸೆಮಿಸ್ಟರ್ ಕಷ್ಟ, ಆಮೇಲೆ ರೂಢಿಯಾಗುತ್ತೆ.

ಸೀಟಿನ ವಿಷಯದಲ್ಲಿ ಹುಷಾರು. ಸಂವಿಧಾನದ 371ಜೆ ವಿಧಿಯ ಪ್ರಕಾರ ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು ಕಲ್ಯಾಣ ಕರ್ನಾಟಕದವರಿಗೆ. ದಾವಣಗೆರೆ ಅದರೊಳಗೆ ಬರುವುದಿಲ್ಲ. ಹರಪನಹಳ್ಳಿಯವರಾದರೆ ಮಾತು ಬೇರೆ. ಉಳಿದ ಸೀಟಿನಲ್ಲೇ ನಿಮ್ಮ ಮಗಳು ಪೈಪೋಟಿ ಮಾಡಬೇಕು. ಇನ್ನು ಈ ವಿವಿಯ ಕೃಷಿ ಕಾಲೇಜುಗಳು ರಾಯಚೂರಲ್ಲಿ ಮಾತ್ರ ಇಲ್ಲ. ಭೀಮರಾಯನಗುಡಿ, ಕಲಬುರಗಿ, ಗಂಗಾವತಿಯಲ್ಲೂ ಇವೆ. ವಿವಿ ಹೆಸರು ನೋಡಿ ಟಿಕ್ ಮಾಡಬೇಡಿ, ಕಾಲೇಜಿನ ಊರು ನೋಡಿ ಮಾಡಿ. ಕೃಷಿಕರ ಕೋಟಾ ಬೇಕಿದ್ದರೆ ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇರುತ್ತೆ, ಅದನ್ನು ತಪ್ಪಿಸಬಾರದು.

ನಿಮ್ಮದು ಅಡಿಕೆ ತೋಟ ಅಂತ ಬರೆದಿದ್ದೀರಿ. ಓದಿ ಬಂದು ಅದನ್ನೇ ನೋಡಿಕೊಳ್ಳೋ ಯೋಚನೆ ಇದ್ದರೆ ರಾಯಚೂರಿಗಿಂತ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿವಿಯನ್ನೇ ಮೊದಲ ಆಪ್ಷನ್ ಹಾಕಿ. ಬ್ಯಾಂಕು, ಕೃಷಿ ಇಲಾಖೆ, ಬೀಜದ ಕಂಪನಿ ಕೆಲಸ ಅಂತಿದ್ದರೆ, ಇಲ್ಲಾ ಭತ್ತ, ತೊಗರಿ, ಹತ್ತಿ ಮೇಲೆ ಮುಂದೆ ಓದಬೇಕು ಅಂತಿದ್ದರೆ ರಾಯಚೂರು ಧೈರ್ಯವಾಗಿ ಹಾಕಿ. ಅದಕ್ಕೂ ಮುಂಚೆ ಕೃಷಿ ಮೇಳದ ಸಮಯದಲ್ಲಿ ಒಮ್ಮೆ ಮಗಳನ್ನೇ ಕರೆದುಕೊಂಡು ಬನ್ನಿ. ಮಳಿಗೆ ಸಾಲಿನಲ್ಲೇ ಹೊತ್ತು ಕಳೀಬೇಡಿ, ಪ್ರಾತ್ಯಕ್ಷಿಕೆ ತಾಕುಗಳ ಕಡೆ ಹೋಗಿ. ಅಲ್ಲಿ ವಿದ್ಯಾರ್ಥಿಗಳೇ ನಿಂತಿರುತ್ತಾರೆ, ಹಾಸ್ಟೆಲ್ ಊಟ ಹೇಗಿದೆ ಅಂತ ಅವರನ್ನೇ ಕೇಳಿ.